ಕೊಡಗಿನ ತೋಟದ ಮನೆಯಲ್ಲಿ ಅತಿಥಿಯಾಗಿ ಉಳಿಯುವ ಬಗೆ

ಕೊಡಗಿನಲ್ಲಿ ನಡುಗಡ್ಡೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ. ಕಾವೇರಿಯ ನೀರು ಸುತ್ತುವರಿದ ಸುಮಾರು 64 ಎಕರೆ ನೆಲ ಅದು. ಬಿದಿರುಮೆಳೆಗಳ ಆ ಜಾಗಕ್ಕೆ ತೂಗುಸೇತುವೆ ದಾಟಿ ಹೋಗಬೇಕು, ಉಳಿಯಲು ಅರಣ್ಯ ಇಲಾಖೆಯ ಕುಟೀರಗಳಿವೆ, ಮಳೆಗಾಲದಲ್ಲಿ ಹೊಳೆ ಏರಿತೆಂದರೆ ಗೇಟು ಹಾಕುತ್ತಾರೆ. ಆದರೆ ಅಲ್ಲಿ ಸಂಸಾರವಿರುವ ಮನೆಯಿಲ್ಲ. ಮನೆಯವರೊಂದಿಗೇ ಉಳಿದು, ಅವರ ಒಲೆಯ ಮೇಲೆ ಬೆಂದ ತಿಂಡಿ ತಿಂದು, ಅವರ ಜಗಲಿಯಲ್ಲಿ ಕುಳಿತು ಮಳೆ ನೋಡಬೇಕೆನ್ನುವವರು ಹೋಗಬೇಕಾದದ್ದು ಕಾಫಿ ತೋಟದ ನಡುವಿನ ಮನೆಗೆ. ಅದೂ ಒಂದು ಬಗೆಯ ನಡುಗಡ್ಡೆಯೇ. ಪಕ್ಕದ ಮನೆಯ ದೀಪ ಮರಗಳ ಸಂದಿನಲ್ಲಿ ಕಂಡರೆ ಕಂಡೀತು, ಅಂಗಡಿಗೆ ಹೋಗಲು ಗಾಡಿ ತೆಗೆಯಬೇಕು, ಜುಲೈ ತಿಂಗಳಲ್ಲಿ ಒಂದು ಸಿಲ್ವರ್ ಓಕ್ ಮರ ದಾರಿಗೆ ಅಡ್ಡ ಬಿದ್ದರೆ ಕರೆಂಟು, ಫೋನು, ಪೇಪರು ಮೂರೂ ಒಟ್ಟಿಗೆ ನಿಲ್ಲುತ್ತವೆ.

ಚೇರಂಬಾಣೆಯ ಕಡೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗೆಂದು ಬಿಟ್ಟು ಕೆಲವು ವರ್ಷಗಳಾದವು. ರಜೆಯಲ್ಲಿ ಅಲ್ಲಿದ್ದಾಗಲೆಲ್ಲ ಬಂದ ಫೋನು ತೆಗೆಯುವುದು, ದಾರಿ ಹೇಳುವುದು, ಬೆಳಿಗ್ಗೆ ತಿಂಡಿ ಬಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅಷ್ಟರಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಇಂಥ ಮನೆಗಳಿಗೆ ಬಂದವರಿಗೆ ಆಗುವ ಬೇಸರಕ್ಕೆ ಮನೆಯಾಗಲಿ ಮಳೆಯಾಗಲಿ ಕಾರಣವಾಗುವುದು ಕಡಿಮೆ. ಹೊರಡುವ ಮೊದಲೇ ಕೇಳಬಹುದಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟದ್ದೇ ಹೆಚ್ಚಾಗಿ ಕಾರಣ. ಆದ್ದರಿಂದ ಈ ಲೇಖನದ ಅರ್ಧದಷ್ಟು ಭಾಗ ನೀವು ಮನೆಯಿಂದ ಹೊರಡುವ ಮೊದಲೇ ಮಾಡಬೇಕಾದ ಕೆಲಸಕ್ಕೆ ಸಂಬಂಧಿಸಿದ್ದು.

ಮೊದಲು ಯಾವ ಕಡೆ ಎಂದು ನಿಶ್ಚಯಿಸಿಕೊಳ್ಳಿ

ಕೊಡಗು 4,102 ಚದರ ಕಿಲೋಮೀಟರಿನ ಸಣ್ಣ ಜಿಲ್ಲೆಯಾದರೂ ದಾರಿಗಳು ನೇರವಾಗಿಲ್ಲ. ಬಯಲುಸೀಮೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುವ 40 ಕಿಲೋಮೀಟರಿಗೆ ಇಲ್ಲಿ ಒಂದೂಕಾಲು ಗಂಟೆ ಇಟ್ಟುಕೊಳ್ಳಬೇಕು; ಮಂಜು ಕವಿದರೆ ಇನ್ನೂ ಹೆಚ್ಚು. ಹೀಗಿರುವಾಗ ಭಾಗಮಂಡಲದ ಕಡೆ ಮನೆ ಗೊತ್ತುಮಾಡಿಕೊಂಡು ಇರ್ಪು ಜಲಪಾತವನ್ನೂ ಮಲ್ಲಳ್ಳಿ ಜಲಪಾತವನ್ನೂ ಒಂದೇ ದಿನ ನೋಡುತ್ತೇವೆಂದು ಹೊರಟವರು ನೋಡುವುದು ಕಾರಿನ ಗಾಜನ್ನು ಮಾತ್ರ.

ತಲಕಾವೇರಿ, ಭಾಗಮಂಡಲ ಮುಖ್ಯವಾದರೆ ಮಡಿಕೇರಿಯಿಂದ ಪಶ್ಚಿಮಕ್ಕಿರುವ ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿಗಳ ಸುತ್ತ ಮನೆ ಹುಡುಕಬೇಕು. ಬೆಟ್ಟ ಹತ್ತುವವರಿಗೆ ಕಕ್ಕಬ್ಬೆ ಅನುಕೂಲ, ಏಕೆಂದರೆ ಜಿಲ್ಲೆಯ ಅತಿ ಎತ್ತರದ ಬೆಟ್ಟವಾದ 1,748 ಮೀಟರಿನ ತಡಿಯಂಡಮೋಳಿಗೂ ಅದರ ಬುಡದಲ್ಲಿ ದೊಡ್ಡ ವೀರರಾಜೇಂದ್ರ 18ನೇ ಶತಮಾನದ ಕೊನೆಗೆ ಕಟ್ಟಿಸಿದ ನಾಲ್ಕುನಾಡು ಅರಮನೆಗೂ ಅಲ್ಲಿಂದ ಬೆಳಿಗ್ಗೆಯೇ ಹೊರಡಬಹುದು. ಇರ್ಪು, ಕುಟ್ಟ, ನಾಗರಹೊಳೆ ದಕ್ಷಿಣದ ತುದಿಯಲ್ಲಿವೆ. ಪುಷ್ಪಗಿರಿ ಮತ್ತು ಮಲ್ಲಳ್ಳಿ ಉತ್ತರದ ಸೋಮವಾರಪೇಟೆಯ ಕಡೆ. ಹಾರಂಗಿ, ದುಬಾರೆ, ನಿಸರ್ಗಧಾಮ ಕುಶಾಲನಗರಕ್ಕೆ ಹತ್ತಿರ. ಕೊಡಗಿನದೇ ಎಂದು ಬಹಳ ಜನ ತಿಳಿದಿರುವ ಬೈಲುಕುಪ್ಪೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು, ಅದನ್ನು ಬರುವಾಗಲೋ ಹೋಗುವಾಗಲೋ ದಾರಿಯಲ್ಲೇ ಮುಗಿಸಿಕೊಳ್ಳುವುದು ಲೇಸು. ಒಂದು ಕಡೆಯನ್ನು ಆರಿಸಿ, ಎರಡು ರಾತ್ರಿ ಉಳಿಯಿರಿ. ಒಂದೇ ರಾತ್ರಿಗೆ ಬಂದವರು ಮನೆಯವರ ಹೆಸರು ತಿಳಿಯುವಷ್ಟರಲ್ಲಿ ಚೀಲ ಕಟ್ಟುತ್ತಿರುತ್ತಾರೆ.

ಅದು ನಿಜವಾಗಿಯೂ ಮನೆಯೇ?

ಹೋಮ್‌ಸ್ಟೇ ಎಂಬ ಫಲಕದ ಹಿಂದೆ ಈಗ ಮೂರು ಬಗೆಯ ಜಾಗಗಳಿವೆ. ಮಾಲೀಕರು ಸಂಸಾರಸಮೇತ ಇದ್ದು ಒಂದೆರಡು ಕೋಣೆ ಬಿಟ್ಟುಕೊಡುವ ಮನೆ ಒಂದು. ಮಾಲೀಕರು ಬೆಂಗಳೂರಿನಲ್ಲಿದ್ದು, ತೋಟದ ಮನೆಯನ್ನು ಒಬ್ಬ ಅಡುಗೆಯವನ ಕೈಗೆ ಒಪ್ಪಿಸಿರುವುದು ಇನ್ನೊಂದು. ಹತ್ತಿಪ್ಪತ್ತು ಕೋಣೆ ಕಟ್ಟಿ, ಕ್ಯಾಂಪ್‌ಫೈರು, ಸ್ಪೀಕರು ಇಟ್ಟು ನಡೆಸುವ ವಸತಿಗೃಹ ಮೂರನೆಯದು. ಮೂರರಲ್ಲಿ ಯಾವುದೂ ತಪ್ಪಲ್ಲ, ಆದರೆ ಒಂದನ್ನು ಬಯಸಿ ಇನ್ನೊಂದಕ್ಕೆ ಹೋದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ 1ರಿಂದ 6 ಕೋಣೆಗಳಿಗೆ ಮಾತ್ರ ಅವಕಾಶವಿದ್ದು, ಮನೆಯವರು ಅಲ್ಲೇ ವಾಸವಾಗಿರಬೇಕು ಎಂಬುದು ಅದರ ಮೂಲ ನಿಯಮ. ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಹೋಮ್‌ಸ್ಟೇಗಳನ್ನು ನೋಂದಾಯಿಸುತ್ತದೆ. ಆದ್ದರಿಂದ ನೋಂದಣಿ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು. ಆಗಿದ್ದರೆ ಸಂಖ್ಯೆಯನ್ನೇ ಹೇಳುತ್ತಾರೆ. ಅದಕ್ಕಿಂತ ಸುಲಭವಾದ ಪರೀಕ್ಷೆಯೂ ಒಂದಿದೆ: ಚಿತ್ರಗಳಲ್ಲಿ ಕೋಣೆಯ ಹಾಸಿಗೆ, ದಿಂಬು ಮಾತ್ರ ಇವೆಯೋ, ಅಂಗಳ, ತುಳಸಿಕಟ್ಟೆ, ಒಣಹಾಕಿದ ಕಾಫಿ, ಮನೆಯ ನಾಯಿ ಕಾಣಿಸುತ್ತವೆಯೋ ನೋಡಿ. ಫೋನು ಮಾಡಿದಾಗ ಕುಕ್ಕರಿನ ಕೂಗು ಹಿಂದೆ ಕೇಳಿದರೆ ಇನ್ನೂ ಒಳ್ಳೆಯದು.

ಫೋನಿನಲ್ಲಿ ಕೇಳಬೇಕಾದದ್ದು

ಬುಕಿಂಗ್ ಜಾಲತಾಣದಲ್ಲಿ ಬೆಲೆ ನೋಡಿದ್ದರೂ ಸರಿ, ಮನೆಯವರಿಗೆ ಒಮ್ಮೆ ಫೋನು ಮಾಡಿಯೇ ಮುಂಗಡ ಕಳಿಸಬೇಕು. ಹಗಲು ಹನ್ನೊಂದರ ಹೊತ್ತಿಗೆ ತೋಟದ ಕೆಲಸದಲ್ಲಿರುತ್ತಾರೆ, ಸಂಜೆ ಏಳರ ಮೇಲೆ ನೆಮ್ಮದಿಯಾಗಿ ಮಾತಾಡುತ್ತಾರೆ.

ಮೊದಲ ಪ್ರಶ್ನೆ ಬಾಡಿಗೆಯದು. ಕೊಡಗಿನಲ್ಲಿ ಹೆಚ್ಚಿನ ಮನೆಗಳವರು ಕೋಣೆಗೆ ಇಷ್ಟೆಂದು ಹೇಳದೆ ತಲೆಗೆ ಇಷ್ಟೆಂದು ಹೇಳುತ್ತಾರೆ. ಅದರಲ್ಲಿ ಬೆಳಗಿನ ತಿಂಡಿ ಮಾತ್ರ ಸೇರಿದೆಯೋ, ರಾತ್ರಿಯೂಟವೂ ಸೇರಿದೆಯೋ, ಮಕ್ಕಳಿಗೆ ಎಷ್ಟು, ಜೊತೆಗೆ ಬರುವ ಚಾಲಕನಿಗೆ ಮಲಗಲು ಜಾಗವಿದೆಯೋ ಎಂಬುದನ್ನು ಬಿಡಿಸಿ ಕೇಳಬೇಕು. ಚಾಲಕನ ವಿಷಯವನ್ನು ಮರೆಯುವವರೇ ಹೆಚ್ಚು. ರಾತ್ರಿ ಹತ್ತಕ್ಕೆ ಆತ ಕಾರಿನಲ್ಲಿ ಕಾಲು ಮಡಚಿ ಮಲಗಿರುವುದನ್ನು ನೋಡಿ ನಮ್ಮ ದೊಡ್ಡಮ್ಮ ಅತಿಥಿಗಳ ಮೇಲೆ ಒಳಗೊಳಗೇ ಸಿಟ್ಟಾದದ್ದುಂಟು. ಮಧ್ಯಾಹ್ನದ ಊಟ ಬೇಕಿದ್ದರೆ ಹಿಂದಿನ ದಿನವೇ ಹೇಳಬೇಕು. ಬರಲಾಗದಿದ್ದರೆ ಮುಂಗಡ ಮರಳಿ ಸಿಗುವುದೋ ಎಂಬುದನ್ನು, ಅದರಲ್ಲೂ ಮಳೆಯಿಂದ ದಾರಿ ಮುಚ್ಚಿದರೆ ಏನು ಎಂಬುದನ್ನು ಮಾತಿನಲ್ಲಿ ಮುಗಿಸದೆ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಎರಡನೆಯದು ದಾರಿಯ ಪ್ರಶ್ನೆ. ಮುಖ್ಯರಸ್ತೆಯಿಂದ ಮನೆಗೆ ಎಷ್ಟು ದೂರ, ಅದರಲ್ಲಿ ಎಷ್ಟು ಕಾಂಕ್ರೀಟು, ಎಷ್ಟು ಮಣ್ಣು, ನಿಮ್ಮ ಕಾರು ಹತ್ತುತ್ತದೆಯೋ ಇಲ್ಲವೋ ಎಂದು ಕಾರಿನ ಹೆಸರು ಹೇಳಿಯೇ ಕೇಳಿ. ತಳ ತಗ್ಗಿರುವ ಕಾರಾದರೆ ರಸ್ತೆಬದಿಯಲ್ಲಿ ನಿಲ್ಲಿಸಿ, ಮನೆಯವರ ಜೀಪಿನಲ್ಲಿ ಒಳಗೆ ಹೋಗುವ ಏರ್ಪಾಡು ಅನೇಕ ಕಡೆ ಇದೆ.

ಮೂರನೆಯದು ಬಚ್ಚಲು, ಕರೆಂಟು, ನೆಟ್‌ವರ್ಕು. ಬಚ್ಚಲು ಕೋಣೆಗೆ ಸೇರಿಕೊಂಡಿದೆಯೋ ಹೊರಗಿದೆಯೋ, ಬಿಸಿನೀರು ಗೀಸರಿನದೋ ಸೌದೆ ಒಲೆಯ ಹಂಡೆಯದೋ, ಕರೆಂಟು ಹೋದರೆ ಇನ್ವರ್ಟರು ಎಷ್ಟು ಹೊತ್ತು ಬರುತ್ತದೆ, ಯಾವ ಕಂಪನಿಯ ಸಿಮ್ ಅಲ್ಲಿ ಹಿಡಿಯುತ್ತದೆ ಎಂಬುದು ವಯಸ್ಸಾದವರನ್ನೋ ಕೂಸನ್ನೋ ಕರೆತರುವವರಿಗೆ ಚಿಕ್ಕ ವಿಷಯವಲ್ಲ. ಹಂಡೆಯಾದರೆ ಒಂದು ಮಾತು: ಕಾಫಿ ಗಿಡದ ಒಣಸೌದೆ ಹಾಕಿ ಕಾಯಿಸಿದ ಆ ನೀರಿಗೆ ಸಣ್ಣ ಹೊಗೆವಾಸನೆ ಇರುತ್ತದೆ, ಮತ್ತು ಬೆಳಿಗ್ಗೆ ಆರಕ್ಕೆ ಬೇಕೆಂದರೆ ಐದಕ್ಕೆ ಯಾರೋ ಎದ್ದು ಒಲೆ ಹಚ್ಚಬೇಕು. ಎಷ್ಟು ಗಂಟೆಗೆ ಸ್ನಾನವೆಂದು ಹಿಂದಿನ ರಾತ್ರಿಯೇ ಹೇಳಿದರೆ ಸಾಕು.

ಕೊನೆಗೆ, ಆ ದಿನಗಳಲ್ಲಿ ಮನೆಯಲ್ಲಿ ಮದುವೆ, ಹಬ್ಬ, ತಿಥಿ ಏನಾದರೂ ಇದೆಯೇ ಎಂದು ಕೇಳಿ. ಈ ಪ್ರಶ್ನೆಯನ್ನು ಕೇಳಿದವರ ಮೇಲೆ ಮನೆಯವರಿಗೆ ಆ ಕ್ಷಣದಲ್ಲೇ ಒಂದು ಬಗೆಯ ಗೌರವ ಹುಟ್ಟುತ್ತದೆ.

ತಿಂಗಳು ಆರಿಸುವುದು

ಎಲ್ಲರೂ ಹೇಳುವುದು ಅಕ್ಟೋಬರಿನಿಂದ ಮಾರ್ಚಿಯವರೆಗೆ ಬನ್ನಿ ಎಂದು. ತಪ್ಪೇನಿಲ್ಲ. ಆದರೆ ಆ ಆರು ತಿಂಗಳೂ ಒಂದೇ ಅಲ್ಲ.

ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ಫೆಬ್ರವರಿ ಮುಗಿಯುವವರೆಗೂ ರೋಬಸ್ಟಾ ಕೊಯ್ಲು ನಡೆಯುತ್ತದೆ. ತೋಟ ನೋಡಲು ಇದೇ ಒಳ್ಳೆಯ ಕಾಲ. ಹಣ್ಣು ಕೊಯ್ಯುವುದು, ಸಂಜೆ ಚೀಲ ತೂಗುವುದು, ಕಣದಲ್ಲಿ ಹರಡುವುದು ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಆದರೆ ಮನೆಯವರಿಗೆ ವರ್ಷದ ದುಡಿಮೆ ಕೈಗೆ ಬರುವ ಹೊತ್ತು ಅದು. ಹಗಲಿನಲ್ಲಿ ನಿಮ್ಮ ಜೊತೆ ಕೂತು ಹರಟೆ ಹೊಡೆಯುತ್ತಾರೆಂದು ನಿರೀಕ್ಷಿಸಬಾರದು. ಕಣದಲ್ಲಿ ಹರಡಿದ ಕಾಫಿಯ ಮೇಲೆ ಚಪ್ಪಲಿ ಹಾಕಿಕೊಂಡು ನಡೆದು ಫೋಟೋ ತೆಗೆಸಿಕೊಳ್ಳುವುದನ್ನಂತೂ ಮಾಡಲೇಬಾರದು.

ಫೆಬ್ರವರಿ–ಮಾರ್ಚಿಯಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೋಬಸ್ಟಾ ತೋಟ ಒಂದೇ ರಾತ್ರಿಯಲ್ಲಿ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ಹೋಲುವ ಆ ವಾಸನೆ ಮೂರು ನಾಲ್ಕು ದಿನವಷ್ಟೇ ಇರುತ್ತದೆ. ಅದನ್ನು ನೋಡಲೇಬೇಕೆನ್ನುವವರು ತಿಂಗಳ ಮೊದಲೇ ದಿನ ಗೊತ್ತುಮಾಡಿ ಪ್ರಯೋಜನವಿಲ್ಲ. ಮನೆಯವರಿಗೆ ಹೇಳಿಟ್ಟು, ಮಳೆ ಬಿದ್ದ ಸುದ್ದಿ ಬಂದ ಮೇಲೆ ಹೊರಡಲು ತಯಾರಿರಬೇಕು. ತುಂತುರು ನೀರಾವರಿ ಮಾಡುವ ತೋಟಗಳಲ್ಲಿ ಮಾತ್ರ ನೀರು ಬಿಟ್ಟ ದಿನವನ್ನು ಲೆಕ್ಕ ಹಾಕಿ ಹೇಳಬಲ್ಲರು.

ಜೂನ್‌ನಿಂದ ಸೆಪ್ಟೆಂಬರ್ ಮಳೆಯ ಕಾಲ. ಮಳೆಯನ್ನೇ ನೋಡಲು ಬರುವವರನ್ನು ನಾನು ಬೇಡವೆನ್ನುವುದಿಲ್ಲ, ಜಗಲಿಯಲ್ಲಿ ಕುಳಿತು ಬೆಲ್ಲದ ಕಾಫಿ ಕುಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋದದ್ದನ್ನು, 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದದ್ದನ್ನು ಇಲ್ಲಿಯವರು ಮರೆತಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಂದರೆ ಒಂದು ದಿನದಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಸಂಭವವಿದೆಯೆಂದರೆ, ಪ್ರವಾಸವನ್ನು ಮುಂದೂಡುವುದೇ ಸರಿ. ಮನೆಯವರು ಬರಬೇಡಿ ಎಂದರೆ ಅದನ್ನು ಒರಟುತನವೆಂದು ತಿಳಿಯಬಾರದು. ತಮ್ಮ ಆದಾಯವನ್ನು ಬಿಟ್ಟು ಹೇಳುತ್ತಿರುವ ಮಾತದು.

ಹಬ್ಬದ ದಿನಗಳ ಲೆಕ್ಕ ಬೇರೆ. ಸೆಪ್ಟೆಂಬರ್ 3ರ ಸುಮಾರಿಗೆ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್, ಅಕ್ಟೋಬರ್ 17ರ ಆಸುಪಾಸಿನಲ್ಲಿ ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವ, ನವೆಂಬರ್–ಡಿಸೆಂಬರಿನಲ್ಲಿ ಸುಗ್ಗಿಹಬ್ಬ ಹುತ್ತರಿ. ಹುತ್ತರಿಯ ರಾತ್ರಿ ಗದ್ದೆಗೆ ಇಳಿದು ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಮನೆಗೆ ತರುವುದನ್ನು ನೋಡಬೇಕೆಂದು ಕೇಳುವವರಿದ್ದಾರೆ. ಅಂದು ಮನೆಮಂದಿಯೆಲ್ಲ ಊರಿಗೆ ಬಂದಿರುತ್ತಾರೆ, ಅತಿಥಿಗಳ ಕೋಣೆಯಲ್ಲಿ ಅಕ್ಕಂದಿರು ಭಾವಂದಿರು ಮಲಗಿರುತ್ತಾರೆ. ಕರೆದರೆ ಹೋಗಿ, ಕರೆಯದೆ ಒತ್ತಾಯಿಸಬೇಡಿ. ಮಡಿಕೇರಿ ದಸರಾದ ವಿಜಯದಶಮಿ ರಾತ್ರಿಗೆ, ಹತ್ತು ಮಂಟಪಗಳ ಮೆರವಣಿಗೆ ನೋಡಲು, ಊರಿನ ಸುತ್ತ ಎಲ್ಲಿಯೂ ಕೋಣೆ ಸಿಗುವುದಿಲ್ಲವೆಂದೇ ತಿಳಿದು ಬಹಳ ಮೊದಲೇ ಕಾದಿರಿಸಬೇಕು.

ದಾರಿ

ಕೊಡಗಿನಲ್ಲಿ ರೈಲುನಿಲ್ದಾಣವಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 120 ಕಿಲೋಮೀಟರ್ ಬಸ್ಸು ಹಿಡಿಯಬಹುದು. ವಿಮಾನದಲ್ಲಿ ಬರುವವರಿಗೆ ಮಂಗಳೂರಿನ ಜೊತೆಗೆ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣವೂ ಇದೆ, ವಿರಾಜಪೇಟೆಯ ಕಡೆಗೆ ಅದೇ ಹತ್ತಿರ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಗಳವರೆಗೆ ಸರ್ಕಾರಿ ಬಸ್ಸುಗಳು ಬೇಕಾದಷ್ಟಿವೆ; ಅಲ್ಲಿಂದ ಊರೊಳಗೆ ಹೋಗುವ ಬಸ್ಸುಗಳು ಸಂಜೆ ಬೇಗನೆ ನಿಲ್ಲುತ್ತವೆ. ಕೊನೆಯ ಬಸ್ಸಿನ ಹೊತ್ತನ್ನು ಮನೆಯವರಿಂದಲೇ ಕೇಳಿ ತಿಳಿಯಬೇಕು. ನಾಗರಹೊಳೆ ಕಾಡಿನ ಮೂಲಕ ಕುಟ್ಟಕ್ಕೆ ಬರುವ ದಾರಿಯ ಗೇಟನ್ನು ಸಂಜೆ ಮುಚ್ಚುತ್ತಾರೆ ಎಂಬುದೂ ನೆನಪಿರಲಿ.

ಬೆಳಕಿರುವಾಗಲೇ ಮನೆ ಸೇರಬೇಕು ಎಂಬ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ಎರಡು ವರ್ಷದ ಹಿಂದೆ, ನಾಲ್ಕು ಗಂಟೆಗೆ ಬರುತ್ತೇವೆಂದಿದ್ದ ಐವರು ರಾತ್ರಿ ಒಂಬತ್ತಕ್ಕೆ ಫೋನಿನ ನಕ್ಷೆಯನ್ನು ನಂಬಿ ತೋಟಕ್ಕೆ ನುಗ್ಗಿದರು. ನಕ್ಷೆಗೆ ದಾರಿ ಎಂದು ಕಂಡದ್ದು ಮೇಲಿನ ತೋಟದ ಕೆಲಸದವರ ಲೈನ್‌ಮನೆಗೆ ಹೋಗುವ ಟ್ರ್ಯಾಕ್ಟರ್ ಜಾಡು. ಕಾರಿನ ಎಡಗಡೆಯ ಮುಂದಿನ ಚಕ್ರ ಚರಂಡಿಗೆ ಇಳಿದು, ಹಿಂದಿನ ಚಕ್ರ ಕೆಂಪು ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿತ್ತು, ನೆಟ್‌ವರ್ಕು ಇರಲಿಲ್ಲ. ಅವರಲ್ಲೊಬ್ಬ ಲೈನ್‌ಮನೆಯ ಬಾಗಿಲು ಬಡಿದು, ಅಲ್ಲಿಯ ಹುಡುಗ ಟಾರ್ಚು ಹಿಡಿದು ನಮ್ಮ ಮನೆಗೆ ಓಡಿಬಂದ. ದೊಡ್ಡಪ್ಪ ಜೀಪು, ಹಗ್ಗ ತೆಗೆದುಕೊಂಡು ಹೋಗಿ ಎಳೆದು ತರುವಷ್ಟರಲ್ಲಿ ಹನ್ನೊಂದು. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ದೊಡ್ಡಮ್ಮ ಎರಡು ಸಲ ಆವಿಗೆ ಇಟ್ಟಿದ್ದರು, ಮೂರನೆಯ ಸಲಕ್ಕೆ ಅದು ಹಿಟ್ಟಿನ ಮುದ್ದೆಯಾಗಿತ್ತು. ಆದ್ದರಿಂದ ಹೀಗೆ ಮಾಡಿ: ಮುಖ್ಯರಸ್ತೆಯ ತಿರುವಿನ ಗುರುತನ್ನು, ಅಂದರೆ ಬಸ್‌ತಂಗುದಾಣವೋ ಅಂಗಡಿಯೋ ದೇವಸ್ಥಾನದ ಕಮಾನೋ ಯಾವುದೆಂದು ಕೇಳಿ ಕಾಗದದಲ್ಲಿ ಬರೆದುಕೊಂಡು, ಅಲ್ಲಿಗೆ ಬಂದ ಮೇಲೆ ಫೋನು ಮಾಡಿ, ನಂತರವೇ ಒಳದಾರಿಗೆ ಇಳಿಯಿರಿ. ತಡವಾಗುವುದು ಖಚಿತವಾದ ಕೂಡಲೇ, ಕುಶಾಲನಗರ ದಾಟುವ ಮೊದಲೇ, ತಿಳಿಸಿಬಿಡಿ.

ದುಡ್ಡನ್ನು ನಗದಾಗಿ ತರಬೇಕು. ನೆಟ್‌ವರ್ಕು ಇಲ್ಲದಲ್ಲಿ ಯುಪಿಐ ಇಲ್ಲ, ಎಟಿಎಂ ಪೇಟೆಯಲ್ಲಿ ಮಾತ್ರ. ಟಾರ್ಚು, ಕೊಡೆ, ಬೇಗ ಒಣಗುವ ಬಟ್ಟೆ, ಪ್ರತಿದಿನದ ಔಷಧಿ, ತಿರುವುಗಳಲ್ಲಿ ವಾಂತಿಯಾಗುವವರಿದ್ದರೆ ಅದರ ಮಾತ್ರೆ, ಇಷ್ಟು ಚೀಲದಲ್ಲಿರಲಿ.

ಮನೆಯೊಳಗೆ

ಬಂದ ಕೂಡಲೇ ಗುರುತಿನ ಚೀಟಿ ಕೇಳುತ್ತಾರೆ, ಪುಸ್ತಕದಲ್ಲಿ ಬರೆಸುತ್ತಾರೆ; ವಿದೇಶಿಯರಾದರೆ ಅವರ ವಿವರವನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಲುಪಿಸುವ ಹೊಣೆ ಮನೆಯವರದು. ಇದನ್ನು ಅನುಮಾನವೆಂದು ಭಾವಿಸಬೇಕಿಲ್ಲ.

ಚಪ್ಪಲಿಯನ್ನು ಜಗಲಿಯ ಕೆಳಗೇ ಬಿಡಬೇಕು. ಹಳೆಯ ಮನೆಯಾದರೆ, ವಂಶದ ಮೂಲಮನೆಯೆನಿಸಿದ ಕೊಡವರ ಐನ್‌ಮನೆಯಾಗಲಿ ಅರೆಭಾಷೆ ಗೌಡರ ಐನ್‌ಮನೆಯಾಗಲಿ, ಒಳಗೆ ಹಿರಿಯರಿಗೆ ದೀಪ ಇಡುವ ಕನ್ನಿಕೊಂಬರೆಯಂಥ ಕೋಣೆ ಇರುತ್ತದೆ. ಅದರ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಬಾರದು, ಕೇಳದೆ ಫೋಟೋ ತೆಗೆಯಬಾರದು. ಗೋಡೆಯ ಮೇಲೆ ಕೋವಿ ಕಂಡರೆ ಗಾಬರಿ ಬೇಡ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯಿದೆ, ಕೈಲ್‌ಪೊಳ್ದಿನ ದಿನ ಆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನೋಡಬಹುದು, ಕೇಳಬಹುದು, ಮುಟ್ಟುವಂತಿಲ್ಲ.

ಮಾತಿನ ವಿಷಯದಲ್ಲಿ ಸಂಕೋಚಪಡಬೇಡಿ. ಮನೆಯೊಳಗೆ ಅವರು ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುತ್ತಿದ್ದರೂ ನಿಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. ಅಡುಗೆಮನೆಗೆ ಹೋಗಿ ನಿಂತು ನೋಡಬಹುದೇ ಎಂದು ಒಮ್ಮೆ ಕೇಳಿ. ಹೆಚ್ಚಿನ ಮನೆಗಳಲ್ಲಿ ಒಂದು ಮಣೆ ಎಳೆದು ಕೂರಿಸುತ್ತಾರೆ. ರಾತ್ರಿ ಹತ್ತರ ಮೇಲೆ ಮನೆ ಮಲಗುತ್ತದೆ. ಕಾಡಿನ ಪಕ್ಕದ ನಿಶ್ಶಬ್ದದಲ್ಲಿ ಸ್ಪೀಕರಿನ ಸದ್ದು ಎಷ್ಟು ದೂರ ಹೋಗುತ್ತದೆಂದು ಪೇಟೆಯವರಿಗೆ ಅಂದಾಜು ಸಿಗುವುದಿಲ್ಲ.

ತಿಂಡಿ, ಊಟ

ಇಂಥ ಮನೆಗೆ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ತೋರುವುದಿಲ್ಲ. ಬೆಳಗಿನ ತಿಂಡಿಗೆ ಅಕ್ಕಿ ಒಟ್ಟಿ ಮಾಡಿದರೆ ನಿಮ್ಮ ಅದೃಷ್ಟ: ಅನ್ನವನ್ನೂ ಅಕ್ಕಿಹಿಟ್ಟನ್ನೂ ಕಲಸಿ ನಾದಿ, ತಟ್ಟಿ, ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಒಂದು ಕ್ಷಣ ಇಟ್ಟರೆ ಪೂರಿಯಂತೆ ಉಬ್ಬುತ್ತದೆ. ಅದಕ್ಕೆ ಎಳ್ಳಿನ ಪಜ್ಜಿ ಎಂಬ ಚಟ್ನಿ, ಮನೆಯ ಬೆಣ್ಣೆ, ಜೇನು. ಶ್ಯಾವಿಗೆಯಂತೆ ಒತ್ತುವ ನೂಪುಟ್ಟು, ಅಕ್ಕಿತರಿಗೆ ಹಾಲು, ತೆಂಗಿನತುರಿ ಸೇರಿಸಿ ತಟ್ಟೆಯಲ್ಲಿ ಆವಿಗಿಡುವ ಪಾಪುಟ್ಟು, ಉಂಡೆಕಟ್ಟಿದ ಕಡಂಬುಟ್ಟು, ಇವೆಲ್ಲಕ್ಕೂ ತರಿ ಒಡೆಯುವುದರಿಂದ ಹಿಡಿದು ಹಿಂದಿನ ದಿನದ ತಯಾರಿ ಬೇಕು. ಹಾಗಾಗಿ ರಾತ್ರಿ ಮಲಗುವ ಮೊದಲು, ನಾಳೆ ಎಷ್ಟು ಜನಕ್ಕೆ, ಎಷ್ಟು ಗಂಟೆಗೆ ಎಂಬುದನ್ನು ಹೇಳಿಬಿಡಬೇಕು. ಎಂಟಕ್ಕೆ ಎಂದು ಹೇಳಿ ಹತ್ತಕ್ಕೆ ಎದ್ದು ಬಂದರೆ ನೂಪುಟ್ಟು ಒಣಗಿ ನೂಲಾಗಿರುತ್ತದೆ, ಮನೆಯವರು ತೋಟಕ್ಕೂ ಹೋಗದೆ ನಿಮಗಾಗಿ ಕಾದಿರುತ್ತಾರೆ.

ಸಸ್ಯಾಹಾರಿಗಳು ಬುಕಿಂಗ್ ಹೊತ್ತಿಗೇ ಹೇಳಬೇಕು, ಎಷ್ಟು ಕಟ್ಟುನಿಟ್ಟು ಎಂಬುದನ್ನೂ ಹೇಳಬೇಕು. ಮೊಟ್ಟೆ ಆದೀತೋ, ಮಾಂಸ ಬೇಯಿಸಿದ ಪಾತ್ರೆ ಆದೀತೋ ಎಂಬುದು ಅವರಿಗೆ ಗೊತ್ತಿರಲಿ, ಏಕೆಂದರೆ ಅನೇಕ ಮನೆಗಳಲ್ಲಿ ಹಂದಿಮಾಂಸ ನಿತ್ಯದ ಅಡುಗೆಯೇ. ಮಳೆಗಾಲದಲ್ಲಿ ಸಸ್ಯಾಹಾರಿಗಳಿಗೇನೂ ಕಡಿಮೆಯಿಲ್ಲ: ಕಳಲೆಯ ಪಲ್ಯ, ಅಣಬೆಯ ಕುಮ್ಮು ಕರಿ, ಕೆಸುವಿನೆಲೆಯ ಪತ್ರೊಡೆ ಎಲ್ಲ ಆಗಲೇ ಸಿಗುವುದು. ಪಂದಿಕರಿಯನ್ನು ಮೊದಲ ಸಲ ತಿನ್ನುವವರು ಅದರ ಕಪ್ಪುಬಣ್ಣ ಎಲ್ಲಿಂದ ಬಂತೆಂದು ಕೇಳುತ್ತಾರೆ. ಹುರಿದು ಪುಡಿಮಾಡಿದ ಮಸಾಲೆ ಒಂದು ಕಾರಣ, ಇನ್ನೊಂದು ಕಾಚಂಪುಳಿ. ಉಪ್ಪಾಗೆ ಜಾತಿಯ ಹುಳಿಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಂಗಿಸಿದ, ಕಾಕಂಬಿಯಂಥ ಮಂದ ದ್ರವವದು. ಒಂದು ಚಮಚ ಹೆಚ್ಚಾದರೂ ಹಲ್ಲು ಚುಳ್ಳೆನ್ನುತ್ತದೆ. ಊರದೇವರ ಹಬ್ಬಕ್ಕೆ ಕಟ್ಟು, ಅಂದರೆ ವ್ರತದ ಕಟ್ಟುಪಾಡು, ಬಿದ್ದಿರುವಾಗ ಕೆಲವು ಊರುಗಳಲ್ಲಿ ಮಾಂಸ ಮಾಡುವುದಿಲ್ಲ, ಆಗ ಅದನ್ನೇ ಬೇಕೆಂದು ಕೇಳಿ ಅವರನ್ನು ಮುಜುಗರಕ್ಕೆ ಗುರಿಮಾಡಬೇಡಿ.

ಆಗಸ್ಟ್ 3ರ ಆಸುಪಾಸಿನಲ್ಲಿ, ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಉಳಿದುಕೊಂಡವರಿಗೆ ಕಡುನೇರಳೆ ಬಣ್ಣದ ಪಾಯಸ ಬರುತ್ತದೆ. ಮದ್ದುಸೊಪ್ಪನ್ನು ಕುದಿಸಿ ಸೋಸಿದ ನೀರಿನಲ್ಲಿ ಅಕ್ಕಿ, ಬೆಲ್ಲ ಬೇಯಿಸಿ ಮಾಡಿದ್ದು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿಗಳು ಕೂಡಿರುತ್ತವೆಂಬ ನಂಬಿಕೆ. ಬಿಸಿಯಿರುವಾಗಲೇ ತುಪ್ಪವೋ ಜೇನೋ ಹಾಕಿಕೊಂಡು ತಿನ್ನಿ. ಮರುದಿನ ಮೂತ್ರ ಕೆಂಪಾಗಿ ಹೋಗುವುದನ್ನು ಕಂಡು ಹೆದರಿ ಆಸ್ಪತ್ರೆ ಎಲ್ಲಿದೆ ಎಂದು ನಮ್ಮನ್ನು ಎಬ್ಬಿಸಿದವರಿದ್ದಾರೆ. ಅದು ಸೊಪ್ಪಿನ ಬಣ್ಣವಷ್ಟೇ.

ಮದ್ಯದ ವಿಷಯದಲ್ಲಿ ಸ್ಪಷ್ಟವಾಗಿರಬೇಕು. ಪರವಾನಗಿಯಿಲ್ಲದ ಮನೆಯಲ್ಲಿ ಅದನ್ನು ಮಾರುವಂತಿಲ್ಲ, ಮನೆಯಲ್ಲೇ ಮಾಡಿದ ವೈನನ್ನೂ ಮಾರುವಂತಿಲ್ಲ. ನೀವೇ ತಂದದ್ದನ್ನು ಕುಡಿಯಬಹುದೇ, ಎಲ್ಲಿ ಕೂತು ಎಂಬುದು ಆಯಾ ಮನೆಯವರ ಇಷ್ಟ.

ತೋಟದಲ್ಲಿ ನಡೆಯುವಾಗ

ಮಳೆಗಾಲದಲ್ಲಿ ಜಿಗಣೆಗಳಿರುತ್ತವೆ, ಇಂಬಳವೆಂದರೂ ಅದೇ. ಮೊಣಕಾಲಿನವರೆಗೆ ಬರುವ ಜಿಗಣೆಸಾಕ್ಸ್ ಹಾಕಿ, ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಸವರಿಕೊಂಡರೆ ಹತ್ತುವುದು ಕಡಿಮೆ. ಹತ್ತಿದ್ದನ್ನು ಜಗ್ಗಿ ಎಳೆಯದೆ ಉಪ್ಪು ಹಾಕಿ ಬೀಳಿಸಬೇಕು. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ನಿಲ್ಲುತ್ತದೆ.

ಆನೆಯದು ಹಾಗಲ್ಲ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆಯ ಕಡೆಯ ತೋಟಗಳಲ್ಲಿ ಆನೆಗಳು ಬಂದುಹೋಗುವುದಷ್ಟೇ ಅಲ್ಲ, ಹಗಲೆಲ್ಲ ಅಲ್ಲಿಯೇ ಉಳಿಯುತ್ತವೆ. ತೋಟದ ಕೆಲಸಕ್ಕೆ ಹೋದವರು ಅವುಗಳ ಕಾಲಿಗೆ ಸಿಕ್ಕಿ ಸತ್ತ ಸುದ್ದಿ ಇಲ್ಲಿಯ ಪತ್ರಿಕೆಗಳಲ್ಲಿ ಹೊಸದಲ್ಲ. ಹಲಸು ಹಣ್ಣಾಗುವ ಜೂನ್–ಜುಲೈಯಲ್ಲಿ ವಾಸನೆ ಹಿಡಿದು ಮನೆಯಂಗಳದವರೆಗೂ ಬರುತ್ತವೆ. ಆನೆ ಇಷ್ಟು ದೊಡ್ಡದಾಗಿದ್ದೂ ಸದ್ದಿಲ್ಲದೆ ನಡೆಯುತ್ತದೆ, ಕಾಫಿ ಗಿಡಗಳ ನಡುವೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಬೂದುಬಣ್ಣದ ಬಂಡೆಯಂತೆ ಕಾಣುತ್ತದೆ ಎಂಬುದನ್ನು ಕಂಡವರೇ ಬಲ್ಲರು. ಆದ್ದರಿಂದ ಮನೆಯವರೋ ತೋಟದ ಕೆಲಸದವರೋ ಜೊತೆಗಿಲ್ಲದೆ ತೋಟದೊಳಗೆ ನಡೆಯಬೇಡಿ. ಬೆಳಗಿನ ಜಾವ ಮತ್ತು ಸಂಜೆ ಐದೂವರೆಯ ನಂತರ ಅಂಗಳ ದಾಟಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಟಕ್ಕೆ ಹೋಗುವ ಅಭ್ಯಾಸವಿದ್ದವರು ಎರಡು ದಿನ ಅದನ್ನು ಬಿಟ್ಟಿರಬೇಕು. ಇಂದು ಆ ಕಡೆ ಬೇಡ ಎಂದು ಮನೆಯವರು ಹೇಳಿದರೆ, ಬೆಳಿಗ್ಗೆ ಯಾರೋ ಲದ್ದಿ ಕಂಡು ಬಂದು ಹೇಳಿದ್ದಾರೆಂದು ಅರ್ಥ.

ಕೊಯ್ಲಿನ ಕಾಲದಲ್ಲಿ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಸಿಹಿಯನ್ನು ಚೀಪುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಮೆಣಸಿನ ಬಳ್ಳಿಯನ್ನು ಮಾತ್ರ ಎಳೆಯಬೇಡಿ, ಮರದಿಂದ ಬಿಡಿಸಿಕೊಂಡ ಬಳ್ಳಿ ಮತ್ತೆ ಹಿಡಿದುಕೊಳ್ಳುವುದಿಲ್ಲ. ಹೊಳೆಗೆ ಇಳಿಯುವುದಾದರೆ ಮನೆಯವರು ತೋರಿಸಿದ ಕಡವಿನಲ್ಲೇ ಇಳಿಯಬೇಕು. ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

ಹೊರಡುವ ದಿನ

ಲೆಕ್ಕವನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳುವುದು ಇಬ್ಬರಿಗೂ ಸುಲಭ. ಕೆಲಸದವರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಮನೆಯವರನ್ನು ಕೇಳಿ ನೇರವಾಗಿ ಅವರ ಕೈಗೇ ಕೊಡಿ. ಕಾಫಿಪುಡಿ, ಕಾಳುಮೆಣಸು, ಜೇನು ಬೇಕಿದ್ದರೆ ಪೇಟೆಯ ಅಂಗಡಿಗಿಂತ ಮೊದಲು ಮನೆಯಲ್ಲೇ ವಿಚಾರಿಸಿ. ಪುಡಿಗೆ ಚಿಕೋರಿ ಸೇರಿದೆಯೋ ಇಲ್ಲವೋ, ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂದು ಅವರು ಹೇಳಿಯೇ ಕೊಡುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಕುಶಾಲನಗರದ ಕಡೆಗೆ ಕಾರುಗಳ ಸಾಲು ಹಿಡಿಯುತ್ತದೆ, ತಿಂಡಿ ಮುಗಿಸಿ ಹತ್ತರೊಳಗೆ ಹೊರಟವರು ಅದಕ್ಕೆ ಸಿಕ್ಕುವುದಿಲ್ಲ.

ಚೀಲ ಕಟ್ಟಿದ ಮೇಲೆ ಮೂರು ಜಾಗಗಳನ್ನು ಇನ್ನೊಮ್ಮೆ ನೋಡಿ: ಮಂಚದ ಪಕ್ಕದ ಪ್ಲಗ್ಗು, ಬಚ್ಚಲಿನ ಗೂಟ, ಒಲೆಯ ಮೇಲ್ಗಡೆ ಬಟ್ಟೆ ಒಣಹಾಕುವ ಹಗ್ಗ. ಮರೆತದ್ದನ್ನು ಕೊರಿಯರಿಗೆ ಹಾಕಲು ದೊಡ್ಡಪ್ಪ ಮಡಿಕೇರಿಗೇ ಹೋಗಬೇಕು, ಅದೂ ಮಳೆ ಬಿಟ್ಟ ದಿನ. ನಮ್ಮ ಅಟ್ಟದ ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಯಾರದೆಂದು ತಿಳಿಯದ ಏಳು ಚಾರ್ಜರುಗಳಿವೆ, ಒಂದು ಮಗುವಿನ ಹಳದಿ ಮಳೆಟೋಪಿಯೂ ಇದೆ.